ಮೆಣಸಿನಕಾಯಿಯ ಬೂಷ್ಟು ಮತ್ತು ನಮ್ಮ ಮಿತ್ರಜೀವಿಗಳು

(ಯುಗಾದಿ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಪಾಠ)



ವೈದ್ಯರನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತೇ ಬರುವುದೆಂದು ತಾವು ಅಂಜಿ ಕುಳಿತಿರಬಹುದು. ಹೋಳಿಗೆಯೂಟಕ್ಕೆ ಮುನ್ನ ಅಂಥ ಪಾಪಕ್ಕೆ ನಾವು ಕೈಹಾಕುವುದಿಲ್ಲ. ಇಂದಿನ ವಿಷಯ ಒಣಮೆಣಸಿನಕಾಯಿ. "ಡಾಕ್ಟರೇ, ಊರಿನಿಂದ ತಂದ ಮೆಣಸಿನಕಾಯಿಗೆ ಬೂಷ್ಟು ಹಿಡಿದಿದೆ, ಒರೆಸಿ ಬಳಸಬಹುದೇ?" ಎಂಬ ಪ್ರಶ್ನೆಯನ್ನು ನಮಗೆ ಕೇಳದ ಮನೆ ಈ ಕೂಟದಲ್ಲಿ ವಿರಳ.

ಉತ್ತರಕ್ಕೆ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದ ಮೊದಲ ವರ್ಷ, ತಾಯಿಯವರು ಕಟ್ಟಿಕೊಟ್ಟ ಬ್ಯಾಡಗಿ ಮೆಣಸಿನಕಾಯಿಯ ಗಂಟನ್ನು ನೆಲಮಾಳಿಗೆಯಲ್ಲಿ ಇರಿಸಿದ್ದೆವು. ಚಳಿಗಾಲ ಕಳೆದು ಬಿಚ್ಚಿದರೆ ಕಾಯಿಗಳೊಳಗೆ ಹಸಿರು ಪುಡಿ! ತಾಯಿಯ ಕೈಯ ಗಂಟನ್ನು ಎಸೆಯಲು ಮನಸ್ಸೊಪ್ಪಲಿಲ್ಲ. ಒರೆಸಿ, ಹುರಿದು, ಪುಡಿಮಾಡಿ, ಸಾರಿಗೆ ಹಾಕಿ ಉಂಡೆವು. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಉತ್ತೀರ್ಣರಾದವರ ವಿವೇಕ ಅಷ್ಟಿತ್ತು.

ಮೆಣಸಿನ ಹಣ್ಣನ್ನು ಕೊಳೆಯಿಸುವ ಮುಖ್ಯ ಶಿಲೀಂಧ್ರ ಕೊಲೆಟೋಟ್ರೈಕಮ್. ಹೊಲದಲ್ಲಿಯೇ ಹಣ್ಣನ್ನು ಸೇರಿ, ಕೊಯ್ಲಿನ ನಂತರವೂ ಕುಳಿಬಿದ್ದ ಕಲೆಗಳಾಗಿ ಹರಡುತ್ತದೆ. ಇನ್ನೊಂದು ಆಸ್ಪರ್ಜಿಲಸ್ ಫ್ಲೇವಸ್. ಒಣಗಲು ಹರವಿದ ಕಾಯಿ ಅಕಾಲ ಮಳೆಗೆ ಸಿಕ್ಕರೆ, ಇಲ್ಲವೇ ತೇವದ ಕೋಣೆಯಲ್ಲಿ ಕುಳಿತರೆ, ಅದಕ್ಕೆ ಹಬ್ಬ. ಮೊದಲನೆಯದು ರೈತನ ಆದಾಯವನ್ನು ತಿನ್ನುತ್ತದೆ. ಎರಡನೆಯದು ಉಣ್ಣುವವನ ಯಕೃತ್ತಿಗೆ ಕೈಹಾಕುತ್ತದೆ. ಅದು ಉತ್ಪಾದಿಸುವ ವಿಷವೇ ಅಫ್ಲಾಟಾಕ್ಸಿನ್. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತಾಗ ಇದು ಬೆಳಕಿಗೆ ಬಂದಿತು. ೨೦೦೪ರಲ್ಲಿ ಕೀನ್ಯಾದಲ್ಲಿ ಕೆಟ್ಟ ಮೆಕ್ಕೆಜೋಳ ಉಂಡ ೩೧೭ ಮಂದಿ ಅಸ್ವಸ್ಥರಾಗಿ, ೧೨೫ ಮಂದಿ ತೀರಿಕೊಂಡರು. ಮೆಣಸಿನಕಾಯಿಯನ್ನು ನಾವು ಜೋಳದಂತೆ ಉಣ್ಣೆವು, ನಿಜ; ಆದರೆ ದಿನವೂ ಉಣ್ಣುತ್ತೇವೆ. ಸ್ವಲ್ಪಸ್ವಲ್ಪವಾಗಿ ಬಹುಕಾಲ ಸೇರಿದ ಈ ವಿಷ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಒಗ್ಗರಣೆಯ ಕಾವಿಗೆ ಇದು ಪೂರ್ತಿ ನಾಶವಾಗುವುದಿಲ್ಲ.

ಪ್ರಕೃತಿ ಇದಕ್ಕೆ ಕಾವಲು ಇರಿಸಿಲ್ಲವೇ? ಇರಿಸಿದೆ. ಮೊದಲ ಕಾವಲು ಖಾರವೇ. ಬೊಲಿವಿಯಾದ ಕಾಡುಮೆಣಸಿನಕಾಯಿಗಳನ್ನು ಕುರಿತು ೨೦೦೮ರಲ್ಲಿ ಪ್ರಕಟವಾದ ಅಧ್ಯಯನ ಸ್ವಾರಸ್ಯಕರ. ಕೀಟಗಳು ಚುಚ್ಚಿದ ರಂಧ್ರದಿಂದ ಫ್ಯುಸೇರಿಯಮ್ ಶಿಲೀಂಧ್ರ ಒಳನುಗ್ಗಿ ಬೀಜವನ್ನು ಕೆಡಿಸುತ್ತದೆ. ಖಾರದ ಕ್ಯಾಪ್ಸೈಸಿನ್ ಅದನ್ನು ತಡೆಯುತ್ತದೆ. ಕೀಟದ ಗಾಯ ಹೆಚ್ಚಿರುವ ಕಡೆ ಖಾರದ ಗಿಡಗಳೂ ಹೆಚ್ಚು! ಆದರೆ ಖಾರವೊಂದೇ ಸಾಲದು. ಖಾರದ ಕಾಯಿಯೂ ಕೊಳೆಯುತ್ತದೆ.

ಎರಡನೆಯ ಕಾವಲು ಹಣ್ಣುತರಕಾರಿಗಳ ಸಿಪ್ಪೆಯ ಮೇಲೆಯೇ ಬದುಕುವ ಯೀಸ್ಟುಗಳದು. ಥಾಯ್ಲೆಂಡಿನ ವಿಜ್ಞಾನಿಗಳು ಅವುಗಳಿಂದ ಪಿಚಿಯಾ ಗಿಲಿಯರ್ಮಂಡಿ ಎಂಬ ಯೀಸ್ಟನ್ನು ಆರಿಸಿ, ಕೊಯ್ದ ಮೆಣಸಿನಕಾಯಿಯಲ್ಲಿ ಅದು ಕೊಲೆಟೋಟ್ರೈಕಮ್ ಕೊಳೆಯನ್ನು ತಗ್ಗಿಸುವುದನ್ನು ೨೦೦೭ರಲ್ಲಿ ತೋರಿಸಿದರು. ಅದರ ತಂತ್ರವನ್ನು ತಿಳಿಯಲು ನಮ್ಮೂರ ಬಸ್ಸನ್ನು ನೆನೆದರೆ ಸಾಕು. ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದವನನ್ನು ಎಬ್ಬಿಸುವವರುಂಟೇ? ಯೀಸ್ಟು ಗಾಯದ ಬಾಯಲ್ಲಿ ಮೊದಲೇ ಕುಳಿತು ಅಲ್ಲಿನ ಸಕ್ಕರೆ, ಸಾರಜನಕಗಳನ್ನು ತಾನೇ ಮುಗಿಸುತ್ತದೆ. ಶಿಲೀಂಧ್ರದ ಎಳೆಗೆ ಅಂಟಿಕೊಂಡು ಕಿಣ್ವಗಳಿಂದ ಅದರ ಗೋಡೆಯನ್ನೂ ಕರಗಿಸುತ್ತದೆ. ವೈದ್ಯರಿಗೆ ಇದು ಹೊಸತಲ್ಲ. ಆಂಟಿಬಯಾಟಿಕ್‌ಗಳಿಂದ ಕರುಳಿನ ಮಿತ್ರಾಣುಗಳು ನಾಶವಾದಾಗ, ತೆರವಾದ ಜಾಗಕ್ಕೆ ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ನುಗ್ಗುವುದನ್ನು ವಾರ್ಡುಗಳಲ್ಲಿ ಕಂಡಿದ್ದೇವೆ.

ಮೂರನೆಯದು ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಉಪಾಯ. ಆಸ್ಪರ್ಜಿಲಸ್ ಕುಲದಲ್ಲಿಯೇ ವಿಷ ತಯಾರಿಸದ ತಳಿಗಳಿವೆ. ಅರಿಜೋನಾದ ಹತ್ತಿ ಹೊಲಗಳಲ್ಲಿ ಅವನ್ನು ಹರಡಿ ವಿಷಕಾರಿ ದಾಯಾದಿಗಳನ್ನು ಹಿಂದೆ ತಳ್ಳಿದ್ದಾರೆ.

ಒಂದು ಮಾತು ಮರೆಯಬಾರದು. ಈ ಮಿತ್ರಜೀವಿಗಳು ಕಾವಲುಗಾರರು, ಚಿಕಿತ್ಸಕರಲ್ಲ. ವಿಷ ಸೇರಿದ ಕಾಯಿಯನ್ನು ಮನೆಯಲ್ಲಿ ಶುದ್ಧಿಗೊಳಿಸುವ ಉಪಾಯವಿಲ್ಲ. ಆದ್ದರಿಂದ ತಮ್ಮ ಪ್ರಶ್ನೆಗೆ ನಮ್ಮ ಉತ್ತರ: ಬೇಡ, ಎಸೆಯಿರಿ. ಗರಿಗರಿಯಾಗಿ ಒಣಗಿದ ಕಾಯಿಯನ್ನು ಮಾತ್ರ ಗಾಳಿಯಾಡದ ಡಬ್ಬಿಯಲ್ಲಿ, ಸಾಧ್ಯವಾದರೆ ಫ್ರೀಜರಿನಲ್ಲಿ ಇಡಿ. ಪುಡಿಮಾಡುವ ಮುನ್ನ ಮುರಿದು ಒಳಗೆ ನೋಡಿ. ಪುಡಿಯಾದ ಮೇಲೆ ಬೂಷ್ಟು ಕಾಣಿಸದು.

ಮುಂದೆ ತಾಯಿಯವರು ಇಲ್ಲಿಗೆ ಬಂದಾಗ ಆ ಹಳೆಯ ಗಂಟಿನ ಕಥೆಯನ್ನು ಹೇಳಿದೆವು. ಅವರು ನಗಲಿಲ್ಲ. "ಕೆಟ್ಟಿದ್ದನ್ನ ಒಗ್ಯಾಕ ನನ್ನ ನೆನಪು ಅಡ್ಡ ಬಂತೇನೋ ತಮ್ಮಾ? ನೀವು ಚಲೋ ಇರ್ಲಿ ಅಂತನ ಕಟ್ಟಿ ಕೊಟ್ಟಿದ್ದೆ" ಎಂದರು. ನಾವು ಇಷ್ಟು ಹೊತ್ತು ಹೇಳಿದ್ದನ್ನು ಅವರು ಅಂದೇ ಹೇಳಿ ಮುಗಿಸಿದ್ದರು.

ಹೋಳಿಗೆ ಕಾದಿದೆ.