ಕೂಸು ನೋಡಿಕೊಳ್ಳುವಾಕಿ

ಹೆರಿಗೆ ರಜೆ ಮುಗಿಯುತ್ತ ಬಂತೆಂದರೆ ಹಾವೇರಿಯ ಶಿಕ್ಷಕಿಗೂ ರಾಣೆಬೆನ್ನೂರಿನ ಬ್ಯಾಂಕ್ ನೌಕರಿಯಾಕೆಗೂ ಒಂದೇ ಚಿಂತೆ: ಕೂಸನ್ನು ಯಾರ ಕೈಗೆ ಕೊಟ್ಟು ಹೋಗುವುದು? ಹಳ್ಳಿಯ ನೆಂಟರಿಗೆ ಫೋನ್ ಹೋಗುತ್ತದೆ. "ಕೂಸು ಆಡಿಸಾಕ ಒಂದು ಸಣ್ಣ ಹುಡುಗಿ ಇದ್ರ ನೋಡ್ರಿ. ನಮ್ಮನ್ಯಾಗ ಉಂಡ್ಕೊಂಡು ತಿಂದ್ಕೊಂಡು ಇರ್ತಾಳ."

ಈ ಮಾತು ನಿಲ್ಲಬೇಕು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯ ಮೇಲೆ 2 ವರ್ಷದವರೆಗೂ ಜೈಲಾಗಬಹುದು. ಕಾನೂನು ಬದಿಗಿರಲಿ, ಕೂಸಿನ ಗಂಟಲಲ್ಲಿ ಕಡಲೆಕಾಳು ಸಿಕ್ಕಿಕೊಂಡರೆ ಆ ಹುಡುಗಿ ಏನು ಮಾಡಬೇಕು? ಅವಳಿಗೆ ಆ ಹೊತ್ತಿಗೆ ಶಾಲೆ ಇರಬೇಕು.

ದೊಡ್ಡ ಹೆಂಗಸನ್ನೇ ಕರೆಯೋಣ. ಬಂದವಳಿಗೆ ಊರು ಯಾವುದು, ಗಂಡ ಏನು ಮಾಡ್ತಾನೆ, ಯಾವ ಜನ ಎಂದು ಕೇಳಿದಷ್ಟು ಸಲೀಸಾಗಿ, ಕೂಸಿಗೆ ಜ್ವರ ಏರಿದರೆ ಮೊದಲು ಏನು ಮಾಡ್ತೀರಿ ಎಂದು ನಾವು ಕೇಳುವುದಿಲ್ಲ. ಪ್ರಶ್ನೆಗಿಂತ ನೋಡುವುದು ಲೇಸು. ಕೈ ತೊಳೆದು ಬಂದಳೇ? ಬಂದವಳೇ ಕೂಸನ್ನು ಎತ್ತಿಕೊಂಡಳೇ, ಅಥವಾ ನೆಲದ ಮೇಲೆ ಕೂತು, ಅದೇ ಅಂಬೆಗಾಲಿಟ್ಟು ಹತ್ತಿರ ಬರಲೆಂದು ಕಾದಳೇ? ಕಾಯಬಲ್ಲವಳ ಕೈಗೆ ಕೂಸು ಕೊಡಬಹುದು.

ಬ್ಯಾಡಗಿಯಲ್ಲಿ ಇನ್ನೂ ಒಂದು ಮಾತಿದೆ. ಅಲ್ಲಿ ಸುಗ್ಗಿ ಬಂತೆಂದರೆ ಸುತ್ತಲ ಊರಿನ ಹೆಂಗಸರಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಕಡಿಮೆಯೇ. ಆದರೂ ದಿನವಿಡೀ ತೊಟ್ಟು ಮುರಿದ ಬೆರಳು ಎಷ್ಟು ತೊಳೆದರೂ ಕೂಸಿನ ಕಣ್ಣಿಗೆ ತಾಗಿದರೆ ಉರಿಯುತ್ತದೆ. ಮುಂಜಾನೆ ಮೆಣಸಿನಕಾಯಿ, ಮಧ್ಯಾಹ್ನ ಕೂಸು ಎಂದರೆ ನಡೆಯದು. ಸುಗ್ಗಿಯ ಕೂಲಿ ಬಿಟ್ಟು ಬರುವವಳಿಗೆ ಆ ಕೂಲಿಗೆ ಸಮನಾದ ಸಂಬಳ ಕೊಡಲೇಬೇಕು. ಕೊಡದಿದ್ದರೆ, ನಡುವೆ ಕೈಬಿಟ್ಟು ಹೋದಳೆಂದು ಆಕೆಯನ್ನು ದೂರುವ ಹಕ್ಕು ನಮಗಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಬಿಟ್ಟುಹೋಗುವ ಪ್ರಶ್ನೆ: "ನಿಮ್ಮ ಮಕ್ಕಳು ಎಲ್ಲಿರ್ತಾವವ್ವ?" 3 ವರ್ಷ ದಾಟಿದ್ದರೆ ಅಂಗನವಾಡಿ ಇದೆ. ಅದಕ್ಕೂ ಸಣ್ಣದಿದ್ದರೆ? 2005ರ ಉದ್ಯೋಗ ಖಾತ್ರಿ ಕಾಯ್ದೆ ಇದನ್ನು ಯೋಚಿಸಿತ್ತು. ಕೆಲಸದ ಜಾಗಕ್ಕೆ 5 ಎಳೆಯ ಮಕ್ಕಳು ಬಂದರೂ ಸಾಕು, ಅವನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಬಿಡಬೇಕು, ಆಕೆಗೂ ಕೂಲಿ ಕೊಡಬೇಕು ಎಂದು ಬರೆದಿತ್ತು. ಮುಂದೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳೂ ಬಂದವು. ಮಣ್ಣು ಹೊರುವಂತೆ ಕೂಸು ನೋಡುವುದೂ ದುಡಿಮೆಯೇ ಎಂದು ಒಪ್ಪಿದ್ದು ಸಣ್ಣ ಮಾತಲ್ಲ.

ಪೇಟೆಯ ಮನೆಯವರೂ ಅದನ್ನು ದುಡಿಮೆಯೆಂದು ಒಪ್ಪಿ, ಕರಾರನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು: ವಾರದ ರಜೆ ಯಾವತ್ತು, ಹಬ್ಬಕ್ಕೆ ಎಷ್ಟು ದಿನ, ಆಕೆಯ ಮಗುವಿಗೆ ಹುಷಾರಿಲ್ಲದ ದಿನ ಸಂಬಳ ಹಿಡಿಯುವುದಿಲ್ಲ ಎಂದು. ರಜೆ ಮುಗಿಯಲು 15 ದಿನ ಇರುವಾಗಲೇ ಆಕೆಯನ್ನು ಕರೆಸಿಕೊಂಡು, ತಾಯಿ ಮನೆಯಲ್ಲಿದ್ದಾಗಲೇ ಕೂಸಿಗೆ ರೂಢಿ ಮಾಡಿಸಿ. ಆ 15 ದಿನಕ್ಕೂ ಪೂರ್ತಿ ಸಂಬಳ ಕೊಡಿ.