ಕಣ್ಣಿನ ವೈದ್ಯರ ಗುರುಗಳು: ಮುಂಬಯಿ ಆಸ್ಪತ್ರೆಗಳ ಪರಂಪರೆ

ಮುಂಬಯಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಯೊಂದರ ಕಣ್ಣಿನ ವಿಭಾಗಕ್ಕೆ ಹೋದ ರೋಗಿಗೆ ಒಬ್ಬರಲ್ಲ, ಹಲವು ವೈದ್ಯರು ಎದುರಾಗುತ್ತಾರೆ. ಮೊದಲು ಒಬ್ಬ ತರುಣ ವೈದ್ಯ ದೃಷ್ಟಿಯನ್ನು ಅಳೆಯುತ್ತಾನೆ. ಅನಂತರ ಇನ್ನೊಬ್ಬರು ಕಣ್ಣಿಗೆ ಔಷಧದ ಹನಿ ಹಾಕಿ ಒಳಭಾಗವನ್ನು ಪರೀಕ್ಷಿಸುತ್ತಾರೆ. ಕೊನೆಯಲ್ಲಿ ಹಿರಿಯರೊಬ್ಬರು ಬಂದು ನೋಡಿ, ಎರಡು ಮಾತು ಹೇಳಿ, ಮುಂದಿನ ರೋಗಿಯತ್ತ ತೆರಳುತ್ತಾರೆ. ಈ ತರುಣರು ಇನ್ನೂ ಕಲಿಯುತ್ತಿರುವವರು, ಹಿರಿಯರು ಅವರಿಗೆ ಕಲಿಸುವವರು. ತನ್ನ ಕಣ್ಣನ್ನು ಇವರ ಕೈಗೆ ಒಪ್ಪಿಸುವ ರೋಗಿಯ ಮನಸ್ಸಿನಲ್ಲಿ, ಕಲಿಸುವವರು ಯಾರು, ಅವರು ಎಲ್ಲಿಂದ ಬಂದವರು, ಅವರ ಅನುಭವವೇನು ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಮುಂಬಯಿಯ ಆಸ್ಪತ್ರೆಗಳ ಚರಿತ್ರೆಯಲ್ಲಿ ಕಾಣಬಹುದು.

ಈ ವಿಷಯದ ಮಹತ್ವವನ್ನು ಅಂಕಿಅಂಶಗಳೇ ತಿಳಿಸುತ್ತವೆ. ಭಾರತ ಸರ್ಕಾರವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2006-07ರ ಸಮೀಕ್ಷೆಯಲ್ಲಿ ಶೇಕಡ 1ರಷ್ಟಿದ್ದ ಅಂಧತ್ವದ ಪ್ರಮಾಣವು 2015-19ರ ಸಮೀಕ್ಷೆಯ ವೇಳೆಗೆ ಶೇಕಡ 0.36ಕ್ಕೆ ಇಳಿದಿತ್ತು. ಆದರೂ ಐವತ್ತು ವರ್ಷ ಮೀರಿದವರ ಅಂಧತ್ವದಲ್ಲಿ ಸುಮಾರು ಮೂರನೆಯ ಎರಡು ಭಾಗಕ್ಕೆ ಕಣ್ಣಿನ ಪೊರೆಯೇ ಕಾರಣವೆಂದು ಅದೇ ಸಮೀಕ್ಷೆ ತೋರಿಸಿತು. ಪೊರೆಗೆ ಶಸ್ತ್ರಚಿಕಿತ್ಸೆಯ ಹೊರತು ಬೇರೆ ಮದ್ದಿಲ್ಲ. ಆ ಶಸ್ತ್ರಚಿಕಿತ್ಸೆಯನ್ನು ಪುಸ್ತಕ ಓದಿ ಕಲಿಯಲು ಸಾಧ್ಯವಿಲ್ಲ. ಕಲಿತ ಕೈಯ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಆದುದರಿಂದ ಗುರುವಿನ ಹಿನ್ನೆಲೆಯು ಶಿಷ್ಯನ ಮೂಲಕ ಸಾವಿರಾರು ಕಣ್ಣುಗಳ ಭವಿಷ್ಯವನ್ನು ನಿರ್ಧರಿಸುತ್ತದೆ.

ಸೇವಾ ವೈದ್ಯರ ಕಾಲ

ಮುಂಬಯಿಯಲ್ಲಿ ಪಾಶ್ಚಾತ್ಯ ವೈದ್ಯಕೀಯ ಶಿಕ್ಷಣವು 1845ರಲ್ಲಿ ಗ್ರಾಂಟ್ ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಸೇರಿದ ಸರ್ ಜಮ್‌ಶೆಟ್‌ಜಿ ಜೀಜೀಭಾಯ್ ಆಸ್ಪತ್ರೆಯೊಂದಿಗೆ ನೆಲೆಗೊಂಡಿತು. ಭಾಯಖಳಾದ ಈ ಆವರಣದಲ್ಲಿಯೇ ಪಾರ್ಸಿ ದಾನಿ ಸರ್ ಕಾವಸ್‌ಜಿ ಜಹಾಂಗೀರ್ ಅವರ ಕೊಡುಗೆಯಿಂದ ಪ್ರತ್ಯೇಕ ಕಣ್ಣಿನ ಆಸ್ಪತ್ರೆಯೂ ತಲೆಯೆತ್ತಿತು. ಅಲ್ಲಿ ಬಹುಕಾಲ ಕಲಿಸಿದವರಲ್ಲಿ ಹೆಚ್ಚಿನವರು ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಸರ್ಕಾರಿ ಸೇವೆಗೆ ಸೇರಿದವರು. ಈ ಸೇವೆಯ ವೈದ್ಯರು ಮೂಲತಃ ಸೈನ್ಯದ ಅಧಿಕಾರಿಗಳು. ಶಿಸ್ತು, ದಾಖಲೆ ಇಡುವ ಕ್ರಮ ಮತ್ತು ಕೈಚಳಕ ಅವರ ಬೋಧನೆಯ ಗುಣಗಳಾಗಿದ್ದವು. ಆದರೆ ಇಂದು ಮುಂಬಯಿ, ನಾಳೆ ಬೇರೊಂದು ಊರು ಎಂಬಂತೆ ಅವರಿಗೆ ವರ್ಗವಾಗುತ್ತಿತ್ತು. ಸ್ಥಳೀಯ ಪದವೀಧರರು ಎಷ್ಟೇ ಸಮರ್ಥರಾಗಿದ್ದರೂ ಪ್ರಾಧ್ಯಾಪಕ ಪದವಿಯ ಬಾಗಿಲು ಅವರಿಗೆ ಸುಲಭವಾಗಿ ತೆರೆಯುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಸರ್ ಜಮ್‌ಶೆಡ್‌ಜಿ ದುಗ್ಗನ್ ಅವರಂಥ ಭಾರತೀಯ ನೇತ್ರತಜ್ಞರು ಈ ಆಸ್ಪತ್ರೆಯಲ್ಲಿ ಗುರುಗಳಾಗಿ ಹೆಸರು ಗಳಿಸಿದ್ದು ಆ ದೃಷ್ಟಿಯಿಂದ ಗಮನಾರ್ಹವಾದುದು.

ಈ ಚರಿತ್ರೆ ಕನ್ನಡ ನಾಡಿಗೆ ಹೊರತಾದುದಲ್ಲ. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುವ ಮೊದಲು ಆ ಭಾಗದ ವಿದ್ಯಾರ್ಥಿಗಳಿಗೆ ಮುಂಬಯಿ ಮತ್ತು ಪುಣೆಗಳೇ ವೈದ್ಯಕೀಯ ವಿದ್ಯೆಯ ದಾರಿಯಾಗಿದ್ದವು.

ಗೌರವ ವೈದ್ಯರ ಪರಂಪರೆ

ಪರಿಸ್ಥಿತಿಯನ್ನು ಬದಲಿಸಿದುದು ರಾಷ್ಟ್ರೀಯ ಚಳವಳಿ. ಅಸಹಕಾರದ ದಿನಗಳಲ್ಲಿ, 1921ರಲ್ಲಿ, ಮುಂಬಯಿಯಲ್ಲಿ ರಾಷ್ಟ್ರೀಯ ವೈದ್ಯಕೀಯ ಕಾಲೇಜು ಹುಟ್ಟಿಕೊಂಡಿತು. ಅದೇ ಮುಂದೆ ಟೋಪಿವಾಲಾ ಕಾಲೇಜು ಮತ್ತು ನಾಯರ್ ಆಸ್ಪತ್ರೆ ಎಂದು ಪ್ರಸಿದ್ಧವಾಗಿ, 1946ರಲ್ಲಿ ನಗರಪಾಲಿಕೆಯ ವಶಕ್ಕೆ ಬಂದಿತು. ಪರೇಲಿನಲ್ಲಿ 1926ರಲ್ಲಿ ಕಾರ್ಯಾರಂಭಿಸಿದ ಕೆ.ಇ.ಎಂ. ಆಸ್ಪತ್ರೆ ಮತ್ತು ಸೇಠ್ ಗೋರ್ಧನದಾಸ್ ಸುಂದರದಾಸ್ ವೈದ್ಯಕೀಯ ಕಾಲೇಜಿನ ಸಂದರ್ಭವಂತೂ ಇನ್ನೂ ವಿಶಿಷ್ಟವಾದುದು. ಕಾಲೇಜಿಗೆ ಹಣ ನೀಡಿದ ಧರ್ಮದರ್ಶಿಗಳು ಒಂದು ಷರತ್ತನ್ನು ವಿಧಿಸಿದ್ದರು: ಅಲ್ಲಿ ಕಲಿಸುವವರು ಸರ್ಕಾರಿ ಸೇವೆಯಲ್ಲಿಲ್ಲದ, ಅರ್ಹತೆಯುಳ್ಳ ಭಾರತೀಯರೇ ಆಗಿರಬೇಕು. ಗುರುವಿನ ವೃತ್ತಿ ಹಿನ್ನೆಲೆಯೇ ಸಂಸ್ಥೆಯೊಂದರ ಅಡಿಪಾಯವಾದ ಅಪೂರ್ವ ಉದಾಹರಣೆ ಇದು.

ಈ ವ್ಯವಸ್ಥೆಯಿಂದ ಗೌರವ ವೈದ್ಯರೆಂಬ ವರ್ಗವು ಮುಂಬಯಿಯಲ್ಲಿ ಬಲವಾಗಿ ಬೆಳೆಯಿತು. ನಗರದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುತ್ತಿದ್ದ ತಜ್ಞರು ಬೆಳಗಿನ ವೇಳೆಯನ್ನು ಸಾರ್ವಜನಿಕ ಆಸ್ಪತ್ರೆಗೆ ಮೀಸಲಿಡುತ್ತಿದ್ದರು. ಸಂಬಳವಿಲ್ಲದೆಯೋ ಅಲ್ಪ ಗೌರವಧನಕ್ಕೋ ಬಡರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಸುತ್ತ ನಿಂತ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ಸಂಜೆ ಅವರ ಖಾಸಗಿ ವೃತ್ತಿ ನಡೆಯುತ್ತಿತ್ತು. ಹೊಸ ಉಪಕರಣ ಮತ್ತು ವಿಧಾನಗಳು ಖಾಸಗಿ ವೃತ್ತಿಯ ಮೂಲಕ ಆಸ್ಪತ್ರೆಗೂ ಬೇಗ ತಲುಪಿದವು. ರೋಗಿಯೊಡನೆ ಮಾತನಾಡುವ ರೀತಿಯನ್ನು ಶಿಷ್ಯರು ಇವರಿಂದ ಕಲಿತರು. ಆದರೆ ಮಧ್ಯಾಹ್ನದ ಅನಂತರ ತೊಡಕು ತೋರಿದ ರೋಗಿಯ ಪಕ್ಕದಲ್ಲಿ ಗುರುಗಳು ಇರುತ್ತಿರಲಿಲ್ಲವೆಂಬುದು ಈ ಪದ್ಧತಿಯ ಮಿತಿಯಾಗಿತ್ತು.

ಈ ಕೊರತೆಯನ್ನು ತುಂಬಲು ಪೂರ್ಣಾವಧಿ ಅಧ್ಯಾಪಕರ ನೇಮಕ ಕ್ರಮೇಣ ಹೆಚ್ಚಿತು. ಶೀವ್‌ನ ಲೋಕಮಾನ್ಯ ತಿಲಕ್ ನಗರಪಾಲಿಕಾ ವೈದ್ಯಕೀಯ ಕಾಲೇಜು 1964ರಲ್ಲಿ ಆರಂಭವಾಯಿತು. ಠಾಣೆಯ ಕಳವಾದಲ್ಲಿ 1992ರಲ್ಲಿ, ಉಪನಗರದ ಜುಹುವಿನ ಕೂಪರ್ ಆಸ್ಪತ್ರೆಯಲ್ಲಿ 2015ರಲ್ಲಿ ವೈದ್ಯಕೀಯ ಕಾಲೇಜುಗಳು ಸ್ಥಾಪನೆಗೊಂಡವು. ಹೀಗೆ ಬೋಧನೆಯು ದಕ್ಷಿಣ ಮುಂಬಯಿಯ ಸೀಮೆಯನ್ನು ದಾಟಿ, ಹೋಟೆಲು, ಗಿರಣಿ ಮತ್ತು ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರೂ ಸೇರಿದಂತೆ ಶ್ರಮಿಕರು ವಾಸಿಸುವ ಬಡಾವಣೆಗಳ ಸಮೀಪಕ್ಕೆ ಬಂದಿತು.

ಹಳ್ಳಿಯಿಂದ ಬಂದ ಅನುಭವ

ಇನ್ನೊಂದು ಬಗೆಯ ಗುರುಗಳು ಗ್ರಾಮಾಂತರದ ಶಿಬಿರಗಳಲ್ಲಿ ಪಳಗಿ ಬಂದವರು. ಶಿಬಿರಗಳ ಮೂಲಕ ಕಣ್ಣಿನ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ಒಯ್ದವರಲ್ಲಿ ಬೀಳಗಿಯಲ್ಲಿ ಜನಿಸಿದ ಡಾ. ಎಂ.ಸಿ. ಮೋದಿ ಅವರ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದಿದ್ದವು. ಮುಂಬಯಿಯ ಬೋಧನಾ ಆಸ್ಪತ್ರೆಯಲ್ಲಿ ಇಂಥ ಅನುಭವವನ್ನು ತಂದವರು ಡಾ. ತಾತ್ಯಾರಾವ್ ಲಹಾನೆ. ಲಾತೂರ್ ಜಿಲ್ಲೆಯ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಮರಾಠವಾಡದಲ್ಲಿಯೇ ವೈದ್ಯಕೀಯ ಶಿಕ್ಷಣ ಪಡೆದು, ಅಂಬಾಜೋಗಾಯಿಯ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಜೆ.ಜೆ. ಆಸ್ಪತ್ರೆಗೆ ಬಂದರು. ಮೂತ್ರಪಿಂಡಗಳು ವಿಫಲವಾದಾಗ ತಾಯಿಯೇ ತಮ್ಮ ಮೂತ್ರಪಿಂಡವೊಂದನ್ನು ನೀಡಿ ಅವರನ್ನು ಉಳಿಸಿಕೊಂಡರು. ಅನಂತರವೂ ಅವರು ಆಸ್ಪತ್ರೆಯಲ್ಲಿಯೂ ಹಳ್ಳಿಗಾಡಿನ ಶಿಬಿರಗಳಲ್ಲಿಯೂ ಸೇವೆಯನ್ನು ಮುಂದುವರಿಸಿ, ಒಂದು ಲಕ್ಷಕ್ಕೂ ಹೆಚ್ಚು ಪೊರೆ ಶಸ್ತ್ರಚಿಕಿತ್ಸೆ ಮಾಡಿದವರೆಂದು ಪ್ರಸಿದ್ಧರಾದರು. 2008ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು ಜೆ.ಜೆ. ಆಸ್ಪತ್ರೆಯ ಡೀನ್ ಹುದ್ದೆಯನ್ನೂ ನಿರ್ವಹಿಸಿದರು. ಶಿಬಿರದಲ್ಲಿ ಪಳಗಿದ ಗುರು ಶಿಷ್ಯನಿಗೆ ಕಲಿಸುವುದು ಕೇವಲ ವೇಗವನ್ನಲ್ಲ. ನೂರಾರು ಮೈಲಿ ದೂರದಿಂದ ಬಂದ ಮುದುಕಿ ಮತ್ತೆ ಬರಲಾರಳು, ಆದುದರಿಂದ ಮೊದಲ ಸಲವೇ ಕೆಲಸ ಸರಿಯಾಗಬೇಕು ಎಂಬ ಎಚ್ಚರವನ್ನು.

ಕಣ್ಣಿನ ಒಂದೇ ಭಾಗದಲ್ಲಿ ವಿಶೇಷ ತರಬೇತಿ ಪಡೆದವರು ನಾಲ್ಕನೆಯ ಬಗೆಯವರು. ಡಾ. ಎಸ್. ನಟರಾಜನ್ ಅವರನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು. ಚೆನ್ನೈನಲ್ಲಿ 1978ರಲ್ಲಿ ಸ್ಥಾಪಿತವಾದ ಶಂಕರ ನೇತ್ರಾಲಯದಲ್ಲಿ ಅಕ್ಷಿಪಟಲದ ಚಿಕಿತ್ಸೆಯ ತರಬೇತಿ ಪಡೆದು ಮುಂಬಯಿಗೆ ಬಂದ ಅವರು ವಡಾಲಾದಲ್ಲಿ ಆಸ್ಪತ್ರೆಯನ್ನು ಕಟ್ಟಿ, ಕಿರಿಯ ತಜ್ಞರಿಗೆ ತರಬೇತಿ ನೀಡಿದರು. ಧಾರಾವಿಯ ಮಧುಮೇಹಿಗಳ ಕಣ್ಣು ತಪಾಸಣೆಗೂ ಶ್ರಮಿಸಿದರು. ಅವರಿಗೆ 2013ರಲ್ಲಿ ಪದ್ಮಶ್ರೀ ಸಂದಿತು.

ಗುರುಗಳೂ ವಿದ್ಯಾರ್ಥಿಗಳೇ

ಹಿನ್ನೆಲೆ ಯಾವುದಾದರೂ, ಒಮ್ಮೆ ಕಲಿತದ್ದು ಜೀವನಪೂರ್ತಿ ಸಾಲುವ ಶಾಸ್ತ್ರ ಇದಲ್ಲ. ಹಿಂದೆ ಪೊರೆಗಟ್ಟಿದ ಮಸೂರವನ್ನು ಅದರ ಚೀಲದೊಂದಿಗೆ ಇಡಿಯಾಗಿ ತೆಗೆದು, ರೋಗಿಗೆ ದಪ್ಪ ಗಾಜಿನ ಕನ್ನಡಕ ಕೊಡಲಾಗುತ್ತಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅವರು 1949ರಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಇರಿಸಿದರು. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೊ ವಿಧಾನವನ್ನು ಬಳಕೆಗೆ ತಂದರು. ಭಾರತದಲ್ಲಿ 1994ರಿಂದ 2002ರವರೆಗೆ ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಪೊರೆ ಅಂಧತ್ವ ನಿಯಂತ್ರಣ ಯೋಜನೆ ನಡೆಯಿತು. ಕೃತಕ ಮಸೂರದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರಿಗೆ ತರಬೇತಿ ನೀಡುವುದು ಅದರ ಮುಖ್ಯ ಅಂಗವಾಗಿತ್ತು. ಹಳೆಯ ವಿಧಾನದಲ್ಲಿ ನುರಿತ ಹಿರಿಯರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಹೊಸದಾಗಿ ಕೈ ಪಳಗಿಸಿಕೊಳ್ಳಬೇಕಾಯಿತು. ತಲೆ ನರೆತ ಮೇಲೂ ಶಿಷ್ಯತ್ವಕ್ಕೆ ಒಪ್ಪಿಕೊಂಡವರೇ ಉತ್ತಮ ಗುರುಗಳಾಗಿ ಉಳಿದರು.

ಕಲಿಯುವ ಕೈ ಮತ್ತು ರೋಗಿಯ ಕಣ್ಣು

ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆಯಿದೆ. ಕಲಿಯುವವನ ಕೈ ಎಂದಾದರೊಂದು ದಿನ ಮೊದಲ ಬಾರಿಗೆ ರೋಗಿಯ ಕಣ್ಣನ್ನು ಮುಟ್ಟಲೇಬೇಕು. ಮಸೂರದ ಹಿಂಬದಿಯ ಪೊರೆಯು ಕೆಲವೇ ಮೈಕ್ರಾನುಗಳಷ್ಟು ತೆಳು. ಅದು ಹರಿದರೆ ಶಸ್ತ್ರಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಆ ಅಪಾಯವು ಸಾರ್ವಜನಿಕ ಆಸ್ಪತ್ರೆಯ ಬಡರೋಗಿಯ ಪಾಲಿಗೆ ಮಾತ್ರ ಬರುವುದು ನ್ಯಾಯವಲ್ಲ. ಈ ಕಾರಣದಿಂದ ತರಬೇತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ರೂಪಿಸಲಾಗುತ್ತದೆ. ಶಿಷ್ಯನು ಮೊದಲು ಮೇಕೆಯ ಕಣ್ಣಿನ ಮೇಲೆ ಅಥವಾ ಕೃತಕ ಮಾದರಿಯ ಮೇಲೆ ಅಭ್ಯಾಸ ಮಾಡುತ್ತಾನೆ. ಅನಂತರ ಗುರುವಿನ ಸಹಾಯಕನಾಗಿ, ಸೂಕ್ಷ್ಮದರ್ಶಕದ ಎರಡನೆಯ ನೇತ್ರಕದ ಮೂಲಕ ಪ್ರತಿಯೊಂದು ಚಲನೆಯನ್ನೂ ಗಮನಿಸುತ್ತಾನೆ. ಬಳಿಕ ಶಸ್ತ್ರಚಿಕಿತ್ಸೆಯ ಒಂದೊಂದೇ ಹಂತವನ್ನು ಗುರುವಿನ ಸಮಕ್ಷಮದಲ್ಲಿ ಮಾಡುತ್ತಾನೆ. ತೊಡಕು ಕಂಡ ಕ್ಷಣವೇ ಗುರು ಉಪಕರಣವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಎಂಥ ತೊಡಕನ್ನೂ ಸರಿಪಡಿಸಬಲ್ಲ ಅನುಭವ ಗುರುವಿಗಿದ್ದಾಗ ಮಾತ್ರ ಶಿಷ್ಯನಿಗೆ ಕಲಿಯಲು ಅವಕಾಶ ಕೊಡುವುದು ಸುರಕ್ಷಿತ. ಗುರುವಿನ ಹಿನ್ನೆಲೆ ರೋಗಿಗೂ ಸಂಬಂಧಿಸಿದ ವಿಷಯವಾಗುವುದು ಈ ಹಂತದಲ್ಲಿಯೇ.

ನೇತ್ರಶಾಸ್ತ್ರದ ಸ್ನಾತಕೋತ್ತರ ಎಂ.ಎಸ್. ಪದವಿಗೆ ಮೂರು ವರ್ಷಗಳ ತರಬೇತಿ ಅಗತ್ಯ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಅರ್ಹತೆಯ ಮೂಲಕ ಬೋಧನಾ ಕಾಲೇಜುಗಳ ಹೊರಗಿನ ಅನೇಕ ಆಸ್ಪತ್ರೆಗಳೂ ತರಬೇತಿ ನೀಡುತ್ತವೆ. 2021ರ ತಂಡದಿಂದ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಜಾರಿಗೆ ಬಂದಿತು. ಮುಂಬಯಿಯ ಸುಸಜ್ಜಿತ ಕೊಠಡಿಯಲ್ಲಿ ಕಲಿತವನಿಗೆ ಜಿಲ್ಲೆಯ ಅನುಭವವೂ ದೊರೆಯಲೆಂಬುದು ಅದರ ಉದ್ದೇಶ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2025ರಲ್ಲಿ ಪ್ರಕಟಿಸಿದ ನಿಯಮಗಳು, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ದೀರ್ಘಕಾಲ ದುಡಿದ ತಜ್ಞರಿಗೂ ಅಧ್ಯಾಪಕರಾಗುವ ದಾರಿಯನ್ನು ವಿಸ್ತರಿಸಿದವು. ಕಲಿಸುವವರ ಸಂಖ್ಯೆ ಇದರಿಂದ ಹೆಚ್ಚಬಹುದು. ಆದರೆ ಶಸ್ತ್ರಚಿಕಿತ್ಸೆ ಮಾಡಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ. ಬೋಧನೆಯೂ ಕಲಿಯಬೇಕಾದ ವಿದ್ಯೆ ಎಂಬುದನ್ನು ಮರೆಯಲಾಗದು.

ಕೇಳುಗರಲ್ಲಿ ಹಲವರು ತಮಗಾಗಿ ಅಥವಾ ಮನೆಯ ಹಿರಿಯರಿಗಾಗಿ ಇಂಥ ಆಸ್ಪತ್ರೆಯ ಮೆಟ್ಟಿಲೇರುವವರೇ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ, ಅದನ್ನು ಯಾರು ಮಾಡುತ್ತಾರೆ, ಆ ವೇಳೆ ಹಿರಿಯರು ಯಾರು ಜೊತೆಗಿರುತ್ತಾರೆ, ಅನಂತರದ ತಪಾಸಣೆ ಎಂದು ಎಂಬುದನ್ನು ವಿನಯದಿಂದ ವಿಚಾರಿಸುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಹಾಗೆ ಕೇಳುವುದು ಅಪನಂಬಿಕೆಯ ಮಾತಲ್ಲ. ಬೋಧನಾ ಆಸ್ಪತ್ರೆಯಲ್ಲಿ ಒಂದೇ ಕಣ್ಣನ್ನು ಹಲವರು ನೋಡುತ್ತಾರೆ. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಸೇವಾ ವೈದ್ಯರ ಶಿಸ್ತು, ಗೌರವ ವೈದ್ಯರ ತ್ಯಾಗ, ಶಿಬಿರದ ವೈದ್ಯರ ಎಚ್ಚರ, ವಿಶೇಷ ತಜ್ಞರ ಆಳವಾದ ಜ್ಞಾನ ಇವೆಲ್ಲವೂ ಒಂದೇ ಕೊಠಡಿಯಲ್ಲಿ ಕೂಡಿಬಂದಾಗ ಕಲಿಯುವ ಕೈ ಹದಗೊಳ್ಳುತ್ತದೆ. ಆ ಕೈ ನಾಳೆ ಯಾವ ಊರಿಗೆ ಹೋದರೂ ಅದರೊಡನೆ ಈ ಗುರುಪರಂಪರೆಯೂ ಅಲ್ಲಿಗೆ ತಲುಪುತ್ತದೆ.