ಮೋಟಾರು ಗಾಡಿಯ ಪ್ಲಗ್ಗೂ ಚಳಿಗಾಲವೂ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಧನುರ್ಮಾಸದ ಬೆಳಗು ಚಳಿಯಾದುದೇ ಸರಿ. ಘಟಪ್ರಭೆಯ ದಂಡೆಯ ಮೇಲೆ ಮಂಜು ಕವಿದಿರುತ್ತದೆ. ಕಬ್ಬು ಹೇರಿದ ಟ್ರಾಕ್ಟರುಗಳು ಸಕ್ಕರೆ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಟ್ರಾಕ್ಟರು ಡೀಸೆಲಿನದು, ಅದಕ್ಕೆ ಕಿಡಿಯ ಪ್ಲಗ್ಗಿನ ಗೊಡವೆಯೇ ಇಲ್ಲ. ಆದರೆ ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಪೆಟ್ರೋಲು ಕಾರು ನಾಲ್ಕಾರು ಬಾರಿ ಗೊಣಗಿ ಸುಮ್ಮನಾಗುವುದುಂಟು. ಆಗ ನೆರೆಯವರು ಹೇಳುವ ಮೊದಲ ಮಾತು, “ಚಳಿಗಾಲಕ್ಕೆ ಬಿಸಿ ಪ್ಲಗ್ ಹಾಕಿಸಿರಿ” ಎಂಬುದು. ಈ ಸಲಹೆಯನ್ನು ಪಾಲಿಸಬಹುದೇ ಎಂಬುದೇ ಇಂದಿನ ವಿಚಾರ.

ಬಿಸಿ ಪ್ಲಗ್ ಎಂಬ ಹೆಸರೇ ಮೋಸಗೊಳಿಸುವಂಥದು. ಅದರ ಕಿಡಿ ಹೆಚ್ಚು ಬಿಸಿಯಾದುದಲ್ಲ. ಪ್ಲಗ್ಗಿನ ತುದಿಯಲ್ಲಿರುವ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಶಾಖವು ಇಂಜಿನ್ನಿನ ಲೋಹಕ್ಕೆ ಇಳಿದುಹೋಗಲು ತಡವಾಗುತ್ತದೆ. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಬಿಸಿ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಶಾಖ ಬೇಗ ಇಳಿಯುತ್ತದೆ. ಅದು ತಣ್ಣನೆಯ ಪ್ಲಗ್. ತುದಿಯ ಉಷ್ಣಮಾನ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಂಟಿದ ಮಸಿ ತಾನಾಗಿಯೇ ಸುಟ್ಟುಹೋಗುತ್ತದೆ. 850ನ್ನು ಮೀರಿತೆಂದರೆ ಕಿಡಿ ಹಾರುವ ಮುನ್ನವೇ ಅನಿಲವು ಹೊತ್ತಿಕೊಳ್ಳುವ ಭಯವುಂಟು.

ಇಲ್ಲಿಯ ಚಳಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಬಯಲಿನಲ್ಲಿ ಉಷ್ಣಮಾನವು 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಬೇಸಗೆಗೂ ಚಳಿಗಾಲಕ್ಕೂ ಇರುವ ಇಪ್ಪತ್ತು ಮೂವತ್ತು ಡಿಗ್ರಿಗಳ ವ್ಯತ್ಯಾಸವು, ಎರಡು ಸಾವಿರ ಡಿಗ್ರಿಯನ್ನೂ ಮೀರುವ ಜ್ವಾಲೆಯ ಎದುರಿನಲ್ಲಿ ಎಷ್ಟರದು? ಹಿಮ ಬೀಳುವ ದೇಶಗಳಲ್ಲಿ ಹಳೆಯ ಗಾಡಿಗಳಿಗೆ ಋತುವಿಗೊಂದು ಪ್ಲಗ್ ಹಾಕುವವರಿದ್ದರು. ಗೋಕಾಕದವರು ಅದನ್ನು ಅನುಸರಿಸುವುದಕ್ಕೆ ಕಾರಣವಿಲ್ಲ. ಡಿಸೆಂಬರಿನಲ್ಲಿ ಬಿಸಿ ಪ್ಲಗ್ ಹಾಕಿಸಿ, ಅದನ್ನು ಮರೆತು, ಏಪ್ರಿಲಿನ ಮಧ್ಯಾಹ್ನ ತುಂಬು ಸಂಸಾರದೊಡನೆ ಸಾವಂತವಾಡಿಯಿಂದ ಆಂಬೋಲಿ ಘಾಟಿಯನ್ನೇರಿ ಸಂಕೇಶ್ವರಕ್ಕೆ ಮರಳುವವರು ಪಿಸ್ಟನ್ನಿಗೆ ತೂತು ಬೀಳಿಸಿಕೊಳ್ಳಬಹುದು. ಕೆಲವು ನೂರು ರೂಪಾಯಿಯ ಪ್ಲಗ್ಗು ಇಂಜಿನ್ನನ್ನೇ ಬಿಚ್ಚಿಸುತ್ತದೆ.

ಹಾಗಾದರೆ ಗಾಡಿ ಏಕೆ ಹೊರಡದು? ಮೊದಲು ಬ್ಯಾಟರಿಯನ್ನು ಸಂಶಯಿಸಬೇಕು. ಚಳಿಯಲ್ಲಿ ಅದರ ಬಲ ಕುಗ್ಗುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. ಸ್ಟಾರ್ಟರು ಹೀರಿ ಉಳಿದ ಅಲ್ಪ ವಿದ್ಯುತ್ತಿನಿಂದ ಕಿಡಿ ಹಾರಬೇಕು. ಪ್ಲಗ್ಗಿನ ತುದಿ ಸವೆದು ಅಂತರ ಅಗಲವಾಗಿದ್ದರೆ ಕಿಡಿಗೆ ಇನ್ನೂ ಹೆಚ್ಚಿನ ಒತ್ತಡ ಬೇಕು. ಸೆಕೆಯಲ್ಲಿ ಹೇಗೋ ನಡೆದ ಸವೆದ ಪ್ಲಗ್ಗು ಚಳಿಯಲ್ಲಿ ಸಿಕ್ಕಿಬೀಳುವುದು ಇದರಿಂದಲೇ. ಇಂಧನದ ಮಾತೂ ಉಂಟು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ 20ಕ್ಕೆ ಏರಿತು. ಅದರಲ್ಲಿ ಒಂದಂಶ ಈ ಸೀಮೆಯಂಥ ಕಬ್ಬಿನ ನಾಡುಗಳದೇ. ಎಥನಾಲು ಆವಿಯಾಗಲು ಪೆಟ್ರೋಲಿಗೆ ಬೇಕಾದುದರ ಇಮ್ಮಡಿಗೂ ಮೀರಿದ ಶಾಖವನ್ನು ಬೇಡುತ್ತದೆ. ಕಾರ್ಬ್ಯುರೇಟರಿನ ಹಳೆಯ ಗಾಡಿ ಮುಂಜಾನೆ ತುಸು ಹಟಮಾಡಿದರೆ ಆಶ್ಚರ್ಯವಿಲ್ಲ. ಅದಕ್ಕೆ ಚೋಕನ್ನು ಎಳೆಯಬೇಕು. ಇಂಜಿನ್ನು ಕಾದೊಡನೆ ಮರೆಯದೆ ಒಳಗೆ ತಳ್ಳಬೇಕು.

ಪ್ಲಗ್ಗನ್ನು ಕಳಚಿ ನೋಡಿದರೆ ಅದೇ ಸಾಕ್ಷಿ ಹೇಳುತ್ತದೆ. ಮೂಗು ಬಿಸ್ಕತ್ತಿನ ಕಂದುಬಣ್ಣವಾಗಿದ್ದರೆ ಎಲ್ಲವೂ ಸರಿ. ಒಣ ಕರಿಮಸಿಯಿದ್ದರೆ ಇಂಧನ ಹೆಚ್ಚಾಗಿದೆ, ಇಲ್ಲವೆ ಗಾಡಿ ಮನೆಗೂ ಪೇಟೆಗೂ ಮಾತ್ರ ಓಡಾಡಿ ಎಂದೂ ಸರಿಯಾಗಿ ಕಾದಿಲ್ಲ. ಹುಕ್ಕೇರಿಯಿಂದ ಬೆಳಗಾವಿಯವರೆಗೆ ಒಂದು ಓಟವೇ ಆ ಮಸಿಗೆ ಒಳ್ಳೆಯ ಮದ್ದು. ಬೆಳ್ಳಗೆ ಸುಟ್ಟು ಗುಳ್ಳೆಯೆದ್ದಿದ್ದರೆ ಪ್ಲಗ್ಗು ಅತಿ ಬಿಸಿಯಾಗಿದೆ.

ಕೊಳ್ಳುವಾಗ ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಜಪಾನಿನ ಎನ್‌ಜಿಕೆ ಪ್ಲಗ್ಗಿನ ಮೇಲಿನ ಅಂಕಿ ಏರಿದಷ್ಟೂ ಅದು ತಣ್ಣನೆಯದು. ಬಾಷ್ ಕಂಪನಿಯ ಈಗಿನ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ಬಿಸಿ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಇದೇ ಬಾಷ್‌ನ ಬಳಗದ್ದು. ಹಳಬರು ಇಂದಿಗೂ ಪ್ಲಗ್ಗನ್ನು ಮೈಕೋ ಎಂದೇ ಕರೆಯುವುದುಂಟು. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹುಡುಕಬಾರದು. ಗಾಡಿಯೊಡನೆ ಬಂದ ಕೈಪಿಡಿಯ ಸಂಖ್ಯೆಯನ್ನೇ ಅಂಗಡಿಯಲ್ಲಿ ಕೇಳಿರಿ.

ಕೂರಿಸುವಾಗ ಇಂಜಿನ್ನು ತಣಿದಿರಲಿ. ಮೊದಲು ಬೆರಳುಗಳಿಂದಲೇ ತಿರುಗಿಸಿರಿ. ತಳದ ಬಳೆ ಮುಟ್ಟಿದ ಮೇಲೆ, 14 ಮಿಲಿಮೀಟರಿನ ಹೊಸ ಪ್ಲಗ್ಗಿಗೆ ಪಾನದಿಂದ ಅರ್ಧ ಸುತ್ತು ಅಥವಾ ಅದಕ್ಕಿಂತ ತುಸು ಹೆಚ್ಚು ಸಾಕು.